ಮೊದಲ ಹೈಡ್ರಾಲಿಕ್ ಆರ್‌ಸಿ ಯಂತ್ರ: ಬಣ್ಣ ನೋಡುವ ಮೊದಲು ಪಂಪು, ವಾಲ್ವು, ಎಣ್ಣೆ ನೋಡಿ

ಮಳೆಗಾಲದಲ್ಲಿ ಸಕಲೇಶಪುರದ ದೋಣಿಗಲ್ ಹತ್ತಿರ ಗುಡ್ಡ ಜಾರಿದಾಗ ಮಣ್ಣು ತೆಗೆಯಲು ಹಿಟಾಚಿಗಳು ಬಂದು ನಿಲ್ಲುತ್ತವೆ. ರಸ್ತೆ ತೆರೆಯುವವರೆಗೆ ಕಾಯುವವರಲ್ಲಿ ಕೆಲವರು ಕಾರಿನಿಂದ ಇಳಿದು ಬಕೆಟ್ ಮಣ್ಣಿಗೆ ಇಳಿಯುವುದನ್ನು, ತೋಳು ನಿಧಾನಕ್ಕೆ ಮಡಚಿಕೊಳ್ಳುವುದನ್ನು ನೋಡುತ್ತಲೇ ನಿಂತಿರುತ್ತಾರೆ. ಅಂಥ ಯಂತ್ರದ, ರಿಮೋಟಿನಿಂದ ಓಡುವ (ಆರ್‌ಸಿ, ಅಂದರೆ ರೇಡಿಯೋ ಕಂಟ್ರೋಲ್) ಪುಟ್ಟ ರೂಪವೊಂದು ಮನೆಯಲ್ಲಿದ್ದರೆ, ಅದೂ ಎಣ್ಣೆಯ ಒತ್ತಡದಲ್ಲೇ ಕೆಲಸ ಮಾಡುವಂಥದ್ದು, ಎಂಬ ಆಸೆ ಹಾಸನ, ಚಿಕ್ಕಮಗಳೂರು ಕಡೆಯ ಹಲವರಿಗಿದೆ. ತೋಟದ ರಸ್ತೆ ಕಡಿಯುವುದು, ಕೆರೆ ಹೂಳೆತ್ತುವುದು, ಮನೆ ಕಟ್ಟಲು ದಿಬ್ಬ ಸಮ ಮಾಡುವುದು, ಇವನ್ನೆಲ್ಲ ನೋಡುತ್ತಲೇ ಬೆಳೆದವರು ನಾವು. ಆಸೆ ಸಹಜ. ಕಷ್ಟವಾಗುವುದು ಆಯ್ಕೆಯಲ್ಲಿ.

ಕಷ್ಟಕ್ಕೆ ಕಾರಣವಿದೆ. ಜಾಹೀರಾತಿನ ಫೋಟೋದಲ್ಲಿ ಎಲ್ಲ ಯಂತ್ರಗಳೂ ಒಂದೇ ಥರ ಹಳದಿಯಾಗಿ ಹೊಳೆಯುತ್ತವೆ. ಬೆಲೆಯಲ್ಲಿ ಮಾತ್ರ ಹತ್ತು ಪಟ್ಟು ವ್ಯತ್ಯಾಸ. ಹೊಸಬರು ಕ್ಯಾಬಿನ್ನಿನ ಒಳಗಿನ ಸೀಟು, ಲೈಟು, ಎಂಜಿನ್ ಸದ್ದು ನೋಡಿ ಮನಸ್ಸು ಮಾಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಮೊದಲ ಯಂತ್ರಕ್ಕೆ ಕೇಳಬೇಕಾದ ಪ್ರಶ್ನೆ ಎರಡೇ. ಇದು ನಮ್ಮ ಮಣ್ಣಿನಲ್ಲಿ ಏನು ಕೆಲಸ ಮಾಡುತ್ತದೆ? ಕೆಟ್ಟರೆ ಇಲ್ಲೇ ಕೂತು ಬಿಚ್ಚಿ ಸರಿಮಾಡಲು ಆಗುತ್ತದೆಯೇ? ಇವಕ್ಕೆ ಉತ್ತರ ಸಿಗಬೇಕಾದರೆ ಒಳಗೆ ಏನು ನಡೆಯುತ್ತದೆ ಎಂದು ಸ್ವಲ್ಪ ತಿಳಿದಿರಬೇಕು.

ಸ್ಕ್ರೂ ಯಂತ್ರ, ಎಣ್ಣೆ ಯಂತ್ರ

ಹ್ಯುಯಿನಾ, ಡಬಲ್ ಇ ಮೊದಲಾದ ಚೀನೀ ಬ್ರ್ಯಾಂಡುಗಳ ಹೆಸರಲ್ಲಿ ಸುಲಭವಾಗಿ ಸಿಗುವ ಯಂತ್ರಗಳಲ್ಲಿ ಬಹುಪಾಲಿನ ತೋಳು ಓಡುವುದು ಪುಟ್ಟ ಮೋಟಾರು ಮತ್ತು ಗೇರು, ಇಲ್ಲವೇ ಸ್ಕ್ರೂ ರಾಡಿನಿಂದ. ನೋಡಲು ಸಿಲಿಂಡರ್ ಹಾಗೇ ಕಾಣುತ್ತದೆ, ಒಳಗೆ ಎಣ್ಣೆ ಇರುವುದಿಲ್ಲ. ಇದನ್ನು ಕೀಳಾಗಿ ಕಾಣಬೇಕಿಲ್ಲ. ಸೋರುವುದಿಲ್ಲ, ಎತ್ತಿದ ತೋಳು ಎತ್ತಿದಲ್ಲೇ ನಿಲ್ಲುತ್ತದೆ, ಮಕ್ಕಳ ಕೈಗೆ ಕೊಡಬಹುದು. ಒದ್ದೆ ಮಣ್ಣಿಗೆ ಬಕೆಟ್ ಊರಿ ಎಳೆದಾಗ ಮಾತ್ರ ಇದರ ಮಿತಿ ಗೊತ್ತಾಗುತ್ತದೆ: ಕ್ಲಚ್ ಜಾರಿ ಕಟಕಟ ಎನ್ನುತ್ತದೆ, ಇಲ್ಲವೇ ಗೇರಿನ ಹಲ್ಲು ಹೋಗುತ್ತದೆ. ಹತ್ತು ವರ್ಷದ ಮಗುವಿಗೆ ಕೊಡಿಸುವುದಾದರೆ ಈ ಜಾತಿಯದನ್ನೇ ಕೊಡಿಸಿ. ಹಣ ಉಳಿಯುತ್ತದೆ, ಕೈಯೂ ಪಳಗುತ್ತದೆ.

ಹೈಡ್ರಾಲಿಕ್ ಯಂತ್ರದಲ್ಲಿ ಬ್ಯಾಟರಿ ಒಂದು ಬ್ರಷ್‌ಲೆಸ್ ಮೋಟಾರನ್ನು ತಿರುಗಿಸುತ್ತದೆ. ಆ ಮೋಟಾರು ಹೆಬ್ಬೆರಳಿನಷ್ಟು ದಪ್ಪದ ಗೇರ್ ಪಂಪನ್ನು ತಿರುಗಿಸುತ್ತದೆ. ಪಂಪು ಟ್ಯಾಂಕಿನಿಂದ ಎಣ್ಣೆ ಎಳೆದು ವಾಲ್ವ್ ಬ್ಲಾಕಿಗೆ ತಳ್ಳುತ್ತದೆ. ಬ್ಲಾಕಿನೊಳಗೆ ಬೂಮ್ (ಬುಡದ ದೊಡ್ಡ ತೋಳು), ಸ್ಟಿಕ್ (ಅದರ ತುದಿಗೆ ಸೇರಿದ ತೋಳು), ಬಕೆಟ್ ಪ್ರತಿಯೊಂದಕ್ಕೂ ಒಂದೊಂದು ಸ್ಪೂಲ್, ಅಂದರೆ ಎಣ್ಣೆಯ ದಾರಿ ಬದಲಿಸುವ ಪುಟ್ಟ ಕಡ್ಡಿ. ಅದನ್ನು ಹಿಂದೆ ಮುಂದೆ ಸರಿಸಲು ಒಂದೊಂದು ಸರ್ವೋ, ಅಂದರೆ ರಿಮೋಟು ಹೇಳಿದಷ್ಟೇ ತಿರುಗುವ ಪುಟ್ಟ ಮೋಟಾರು. ಸ್ಪೂಲ್ ನಡುವೆ ಇದ್ದಾಗ ಎಣ್ಣೆ ಸುಮ್ಮನೆ ಟ್ಯಾಂಕಿಗೆ ವಾಪಸ್. ಒಂದು ಕಡೆ ಸರಿದರೆ ಸಿಲಿಂಡರಿನ ತಳಕ್ಕೆ ಹೋಗಿ ರಾಡನ್ನು ಹೊರಗೆ ತಳ್ಳುತ್ತದೆ, ಇನ್ನೊಂದು ಕಡೆ ಸರಿದರೆ ಒಳಗೆ ಎಳೆಯುತ್ತದೆ. ಒತ್ತಡ ಮಿತಿ ಮೀರಿದರೆ ರಿಲೀಫ್ ವಾಲ್ವ್ ತೆರೆದು ಎಣ್ಣೆಯನ್ನು ಟ್ಯಾಂಕಿಗೆ ಬಿಡುತ್ತದೆ. ದೋಣಿಗಲ್ ಹತ್ತಿರ ಕಂಡ ದೊಡ್ಡ ಯಂತ್ರದ ಮೂಲ ತತ್ವವೂ ಇಷ್ಟೇ.

ಇದನ್ನು ಕೈಯಲ್ಲೇ ಅನುಭವಿಸಬೇಕೆಂದರೆ ಮೆಡಿಕಲ್ ಅಂಗಡಿಯಿಂದ ಒಂದು ಸಣ್ಣ, ಒಂದು ದೊಡ್ಡ ಸಿರಿಂಜ್ ತನ್ನಿ. ಸೂಜಿ ತೆಗೆದು ಎರಡನ್ನೂ ಸಣ್ಣ ಪೈಪಿನಿಂದ ಜೋಡಿಸಿ, ಗಾಳಿ ಉಳಿಯದಂತೆ ನೀರು ತುಂಬಿ. ದೊಡ್ಡದರ ವ್ಯಾಸ ಸಣ್ಣದರ ಎರಡು ಪಟ್ಟಿದ್ದರೆ, ಸಣ್ಣದನ್ನು ಒತ್ತಿದಾಗ ದೊಡ್ಡದು ನಾಲ್ಕು ಪಟ್ಟು ಬಲದಿಂದ ತಳ್ಳುತ್ತದೆ, ಆದರೆ ನಾಲ್ಕನೇ ಒಂದು ಭಾಗ ದೂರ ಮಾತ್ರ ಚಲಿಸುತ್ತದೆ. ಹದಿನೇಳನೇ ಶತಮಾನದಲ್ಲಿ ಬ್ಲೇಸ್ ಪಾಸ್ಕಲ್ ಹೇಳಿದ ನಿಯಮ ಇದೇ. ಈಗ ಪೈಪಿನೊಳಗೆ ಬೇಕೆಂದೇ ಒಂದು ಗುಳ್ಳೆ ಗಾಳಿ ಬಿಡಿ. ಒತ್ತಿದರೆ ಮೊದಲು ಗುಳ್ಳೆ ಕುಗ್ಗುತ್ತದೆ, ಆಮೇಲೆ ದೊಡ್ಡ ಸಿರಿಂಜು ಕುಪ್ಪಳಿಸಿ ಮುಂದೆ ಬರುತ್ತದೆ. ಹೊಸ ಯಂತ್ರದ ತೋಳು ಜರ್ಕ್ ಹೊಡೆಯುತ್ತದೆ ಎಂಬ ದೂರಿಗೆ ಬಹಳ ಸಲ ಇದೇ ಕಾರಣ.

ಎಷ್ಟು ಬಲ ಸಾಕು

ಮಾರುವವರು ಒತ್ತಡದ ಅಂಕಿಯನ್ನು ದೊಡ್ಡದಾಗಿ ಬರೆಯುತ್ತಾರೆ. ಅದರ ಅರ್ಥ ತಿಳಿಯಲು ಒಂದು ಸಣ್ಣ ಲೆಕ್ಕ ಸಾಕು. ಸಿಲಿಂಡರಿನ ಒಳವ್ಯಾಸ 10 ಮಿ.ಮೀ. ಎಂದುಕೊಳ್ಳಿ. ಅದರ ವಿಸ್ತೀರ್ಣ 0.785 ಚದರ ಸೆಂಟಿಮೀಟರ್. 30 ಬಾರ್ ಒತ್ತಡ ಎಂದರೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 30 ಕಿಲೋ ಭಾರ. ಹಾಗಾಗಿ ಆ ಪುಟ್ಟ ಸಿಲಿಂಡರ್ ಸುಮಾರು 24 ಕಿಲೋ ಬಲದಿಂದ ತಳ್ಳುತ್ತದೆ. ಎಳೆಯುವಾಗ ರಾಡು ಜಾಗ ತಿನ್ನುತ್ತದೆ. ರಾಡು 5 ಮಿ.ಮೀ. ದಪ್ಪವಿದ್ದರೆ ಬಲ 18 ಕಿಲೋಗೆ ಇಳಿಯುತ್ತದೆ. ಬಕೆಟ್ಟಿನ ತುದಿಗೆ ಬರುವ ಹೊತ್ತಿಗೆ ಸನ್ನೆಯ ಲೆಕ್ಕದಲ್ಲಿ ಇದು ಇನ್ನೂ ಕಡಿಮೆಯಾಗುತ್ತದೆ. ಆದರೂ ಮಗುವಿನ ಬೆರಳು ಸಿಕ್ಕಿದರೆ ಗಂಭೀರ ಗಾಯ ಮಾಡುವಷ್ಟು ಬಲ ಅದು.

ವೇಗವನ್ನು ನಿರ್ಧರಿಸುವುದು ಒತ್ತಡವಲ್ಲ, ಪಂಪು ನಿಮಿಷಕ್ಕೆ ಕೊಡುವ ಎಣ್ಣೆ. ಅದೇ ಸಿಲಿಂಡರ್ 80 ಮಿ.ಮೀ. ಚಾಚಲು 6.3 ಮಿಲಿಲೀಟರ್ ಎಣ್ಣೆ ಬೇಕು. ಪಂಪು ನಿಮಿಷಕ್ಕೆ 200 ಮಿಲಿ ಕೊಟ್ಟರೆ ಪೂರ್ತಿ ಚಾಚಲು ಎರಡು ಸೆಕೆಂಡು. ಒಂದೇ ಹೊತ್ತಿಗೆ ಬೂಮ್ ಎತ್ತುತ್ತ ಬಕೆಟ್ ಮಡಚಿದರೆ ಅಷ್ಟೇ ಎಣ್ಣೆ ಎರಡು ಕಡೆ ಹಂಚಿಹೋಗಬೇಕು. ಅದು ಹೋಗುವುದು ಭಾರ ಕಡಿಮೆ ಇರುವ ಕಡೆಗೆ. ಬಕೆಟ್ ಸರಕ್ಕನೆ ಮಡಚಿಕೊಳ್ಳುತ್ತದೆ, ಬೂಮ್ ಅಲ್ಲೇ ನಿಲ್ಲುತ್ತದೆ. ಇದು ಕೆಟ್ಟಿರುವ ಲಕ್ಷಣವಲ್ಲ. ದೊಡ್ಡ ಯಂತ್ರ ಓಡಿಸುವವರು ಇದಕ್ಕೆ ತಕ್ಕ ಹಾಗೆ ಕೈ ಹದ ಮಾಡಿಕೊಂಡಿರುತ್ತಾರೆ, ನಾವೂ ಮಾಡಿಕೊಳ್ಳಬೇಕು.

ಈಗ ನನಗೆ ಬಹಳ ಇಷ್ಟವಾದ ಲೆಕ್ಕ. 1:14 ಅಳತೆ ಎಂದರೆ ಉದ್ದ, ಅಗಲ, ಎತ್ತರ ಮೂರೂ ಹದಿನಾಲ್ಕು ಪಟ್ಟು ಕಡಿಮೆ. ಹಾಗಾಗಿ ತೂಕ 14×14×14, ಅಂದರೆ 2744 ಪಟ್ಟು ಕಡಿಮೆ. 36 ಟನ್ನಿನ ಯಂತ್ರದ ಸರಿಯಾದ ಮಾದರಿ 13 ಕಿಲೋ ತೂಗಬೇಕು. ಸಿಲಿಂಡರಿನ ವಿಸ್ತೀರ್ಣ 196 ಪಟ್ಟು ಕಡಿಮೆಯಾಗುತ್ತದೆ. ದೊಡ್ಡ ಎಕ್ಸ್‌ಕವೇಟರ್ (ನಾವು ಹಿಟಾಚಿ ಎನ್ನುವುದು ಇದನ್ನೇ) ಕೆಲಸ ಮಾಡುವುದು ಸುಮಾರು 350 ಬಾರ್‌ನಲ್ಲಿ. 2744ನ್ನು 196ರಿಂದ ಭಾಗಿಸಿದರೆ 14, ಹಾಗಾಗಿ ಒತ್ತಡವೂ ಹದಿನಾಲ್ಕು ಪಟ್ಟು ಕಡಿಮೆಯಿದ್ದರೆ ಸಾಕು: 25 ಬಾರ್. ಅಂದರೆ 25 ಬಾರ್‌ನಲ್ಲೇ ನಮ್ಮ ಪುಟ್ಟ ಯಂತ್ರಕ್ಕೆ ಅದರ ತೂಕಕ್ಕೆ ತಕ್ಕ ಬಲ ಪೂರ್ತಿ ಸಿಕ್ಕಿಬಿಡುತ್ತದೆ. ಒತ್ತಡವನ್ನು 50ಕ್ಕೆ ಏರಿಸಿದರೆ ಬಕೆಟ್ ಇನ್ನಷ್ಟು ಆಳಕ್ಕೆ ಹೋಗುವ ಬದಲು ಯಂತ್ರದ ಹಿಂಭಾಗವೇ ನೆಲ ಬಿಟ್ಟು ಏಳುತ್ತದೆ, ಪಂಪು ಬಿಸಿಯಾಗುತ್ತದೆ, ಎಣ್ಣೆ ಸೋರದಂತೆ ತಡೆಯುವ ರಬ್ಬರ್ ಓ-ರಿಂಗುಗಳು ಸೋಲುತ್ತವೆ. 20ರಿಂದ 35 ಬಾರ್ ಒಳಗೆ ನೆಮ್ಮದಿಯಾಗಿ ಕೆಲಸ ಮಾಡುವ, ತೂಕ ಸರಿಯಾಗಿರುವ ಯಂತ್ರ ಮೊದಲನೆಯದಾಗಿ ಸಾಕು. ಜಾಹೀರಾತಿನಲ್ಲಿ ಬಾರ್ ಹುಡುಕುವುದಕ್ಕಿಂತ ಕಿಲೋ ಹುಡುಕಿ. ಲೋಹದ ಚಾಸಿ, ಲೋಹದ ಟ್ರ್ಯಾಕು, ಹಿಂದೆ ನಿಜವಾದ ಕೌಂಟರ್‌ವೇಟ್ ಇದ್ದರೆ ಒಳ್ಳೆಯದು.

ನಮ್ಮ ಮಣ್ಣು ಹದಿನಾಲ್ಕು ಪಟ್ಟು ಅಂಟು

ಯಂತ್ರವನ್ನು ಕುಗ್ಗಿಸಬಹುದು, ಮಣ್ಣನ್ನು ಕುಗ್ಗಿಸಲಾಗದು. ಒಂದೂವರೆ ಸೆಂಟಿಮೀಟರಿನ ಕಾಫಿ ಹಣ್ಣು 1:14ರ ಯಂತ್ರಕ್ಕೆ 21 ಸೆಂಟಿಮೀಟರಿನ ಬಂಡೆ. ಅದಕ್ಕಿಂತ ದೊಡ್ಡ ತೊಂದರೆ ಅಂಟು. ಮಣ್ಣಿನ ತೂಕ ಉದ್ದದ ಘನದ ಲೆಕ್ಕದಲ್ಲಿ ಇಳಿಯುತ್ತದೆ, ಬಕೆಟ್ಟಿಗೆ ಅಂಟುವ ಬಲ ವರ್ಗದ ಲೆಕ್ಕದಲ್ಲಿ ಮಾತ್ರ ಇಳಿಯುತ್ತದೆ. ಹಾಗಾಗಿ ತೂಕಕ್ಕೆ ಹೋಲಿಸಿದರೆ ಪುಟ್ಟ ಬಕೆಟ್ಟಿನಲ್ಲಿ ಅಂಟು ಹದಿನಾಲ್ಕು ಪಟ್ಟು ಹೆಚ್ಚು. ಜುಲೈ ತಿಂಗಳ ಮೂಡಿಗೆರೆಯ ಕೆಂಪು ಜೇಡಿಮಣ್ಣಿನಲ್ಲಿ ಬಕೆಟ್ ತುಂಬಿಸಿ ತಲೆಕೆಳಗು ಮಾಡಿ, ಮಣ್ಣು ಅಲ್ಲಾಡುವುದೇ ಇಲ್ಲ. ಟ್ರ್ಯಾಕಿನ ಸಂದುಗಳಲ್ಲಿ ಇದೇ ಮಣ್ಣು ತುಂಬಿ ಗಟ್ಟಿಯಾಗಿ, ಟ್ರ್ಯಾಕ್ ಬಿಗಿದು, ಡ್ರೈವ್ ಮೋಟಾರು ಬಿಸಿಯಾಗುತ್ತದೆ.

ಇದಕ್ಕೆ ಒಳ್ಳೆಯ ಉಪಾಯ ಎಂದರೆ ಅಗಲವಾದ ತಗ್ಗು ತೊಟ್ಟಿಯೊಂದರಲ್ಲಿ ಜರಡಿ ಹಿಡಿದ ಮಣ್ಣು. ಎರಡು ಮೂರು ಮಿ.ಮೀ. ಜರಡಿ ಸಾಕು. ಸ್ವಲ್ಪ ಮರಳು ಬೆರೆಸಿ, ಮುಷ್ಟಿ ಕಟ್ಟಿದರೆ ನಿಲ್ಲುವ, ಬೆರಳಲ್ಲಿ ಮುಟ್ಟಿದರೆ ಉದುರುವ ಹದಕ್ಕೆ ನೀರು ಚಿಮುಕಿಸಿ. ಗುಂಡಿಯ ಗೋಡೆ ನೆಟ್ಟಗೆ ನಿಲ್ಲುತ್ತದೆ, ಬಕೆಟ್ ಖಾಲಿಯೂ ಆಗುತ್ತದೆ. ಬರೀ ಎಂ-ಸ್ಯಾಂಡ್ ನನಗೆ ಒಪ್ಪಿಗೆಯಿಲ್ಲ. ಅದರ ಚೂಪು ದೂಳು ಸಿಲಿಂಡರಿನ ರಾಡನ್ನು ಗೀರುತ್ತದೆ. ಲೋಡರ್ ಓಡಿಸುವವರು ಕಾಫಿ ಪಲ್ಪರಿನ ಸಿಪ್ಪೆ ಒಣಗಿಸಿ ಇಟ್ಟುಕೊಳ್ಳಬಹುದು. ಹಗುರ, ಅಂಟುವುದಿಲ್ಲ, ರಾಶಿ ಚೆನ್ನಾಗಿ ನಿಲ್ಲುತ್ತದೆ.

ಮನೆಯ ಒಳಗೆ ಓಡಿಸುವ ಯೋಚನೆ ಇದ್ದರೆ ಹಳೆ ಮನೆಗಳ ರೆಡ್ ಆಕ್ಸೈಡ್ ನೆಲದ ಮೇಲೆ ಲೋಹದ ಟ್ರ್ಯಾಕ್ ಬೇಡ. ಒಂದೇ ತಿರುವಿಗೆ ಗೀರು ಬೀಳುತ್ತದೆ, ಎಣ್ಣೆಯ ಕಲೆ ಸುಲಭಕ್ಕೆ ಹೋಗುವುದಿಲ್ಲ. ಕಣ ಒಳ್ಳೆಯ ಜಾಗ, ಆದರೆ ಕೊಯ್ಲಿನ ತಿಂಗಳುಗಳಲ್ಲಿ ಅಲ್ಲಿ ಕಾಫಿ ಹರಡಿರುತ್ತದೆ. ಕೊಯ್ಲು ಮುಗಿದು ಹೂಮಳೆ ಕಾಯುವ ಸಮಯವೇ ನಮ್ಮ ಕಡೆ ಈ ಹವ್ಯಾಸಕ್ಕೆ ಹೇಳಿಮಾಡಿಸಿದ ಕಾಲ.

ಯಾವ ಯಂತ್ರ

ಎಕ್ಸ್‌ಕವೇಟರ್, ವೀಲ್ ಲೋಡರ್, ಬುಲ್ಡೋಜರ್, ಟಿಪ್ಪರ್ ಲಾರಿ ಈ ನಾಲ್ಕರಲ್ಲಿ ಟಿಪ್ಪರ್ ಅತ್ಯಂತ ಸರಳ. ಒಂದೇ ಸಿಲಿಂಡರ್, ಒಂದೇ ವಾಲ್ವು. ಹೈಡ್ರಾಲಿಕ್ ಕಲಿಯಲು ಚೆನ್ನ, ಆದರೆ ತುಂಬಿಸಲು ಇನ್ನೊಂದು ಯಂತ್ರವಿಲ್ಲದಿದ್ದರೆ ಬೇಗ ಬೇಸರ ಬರುತ್ತದೆ. ಬುಲ್ಡೋಜರ್ ನೋಡಲು ಗಂಭೀರ, ಆದರೆ ಓಡಲು ಅಂಗಳ ಬೇಕು, ತೂಕ ಬೇಕು. ಎರಡನೆಯದಾಗಿ ತೆಗೆದುಕೊಳ್ಳುವುದು ಒಳ್ಳೆಯದು.

ನಿಜವಾದ ಸ್ಪರ್ಧೆ ಲೋಡರಿಗೂ ಎಕ್ಸ್‌ಕವೇಟರಿಗೂ. ಲೋಡರಿನಲ್ಲಿ ತೋಳು ಎತ್ತುವುದು, ಬಕೆಟ್ ಮಡಚುವುದು, ಕೆಲವದರಲ್ಲಿ ನಡು ಬಾಗಿಸಿ ತಿರುಗುವುದು, ಇಷ್ಟು ಮಾತ್ರ ಹೈಡ್ರಾಲಿಕ್. ಕಲಿಯಲು ಸುಲಭ. ಆದರೆ ಅದಕ್ಕೆ ಸಡಿಲ ರಾಶಿ, ಗಟ್ಟಿ ನೆಲ, ಹಿಂದೆ ಮುಂದೆ ಓಡಲು ಜಾಗ ಮೂರೂ ಬೇಕು. ಮಲೆನಾಡಿನ ಒದ್ದೆ ನೆಲದಲ್ಲಿ ಚಕ್ರ ಸುಮ್ಮನೆ ಸುತ್ತುತ್ತದೆ. ಎಕ್ಸ್‌ಕವೇಟರ್ ನಿಂತಲ್ಲೇ ಕೆಲಸ ಮಾಡುತ್ತದೆ. ಒಂದು ತೊಟ್ಟಿ ಮಣ್ಣು, ಜಗಲಿಯ ಒಂದು ಮೂಲೆ ಇದ್ದರೆ ಮಳೆ ಹೊಯ್ಯುವ ಸಂಜೆಯೂ ಅಗೆಯಬಹುದು. ಹಾಸನ ಪೇಟೆಯಲ್ಲಿ ಗಟ್ಟಿ ಸಮತಟ್ಟು ಟೆರೇಸ್ ಇದ್ದವರು ಲೋಡರ್ ಯೋಚಿಸಲಿ. ಘಟ್ಟದ ಅಂಚಿನವರಿಗೆ ನಾನು ಹೇಳುವುದು 1:14ರ ಎಕ್ಸ್‌ಕವೇಟರ್. ಬೂಮ್, ಸ್ಟಿಕ್, ಬಕೆಟ್ ಮೂರು ಹೈಡ್ರಾಲಿಕ್ ಆಗಿರಲಿ, ತಿರುಗುವುದು ಮತ್ತು ಟ್ರ್ಯಾಕು ಎಲೆಕ್ಟ್ರಿಕ್ ಗೇರ್ ಮೋಟಾರಿನಲ್ಲಿರಲಿ. ಎಲ್ಲವೂ ಹೈಡ್ರಾಲಿಕ್ ಇರಬೇಕೆಂಬ ಹಟ ಮೊದಲ ಯಂತ್ರಕ್ಕೆ ಬೇಡ. ಸೋರುವ ಜಾಗಗಳು ಹೆಚ್ಚುತ್ತವೆ, ಖರ್ಚೂ ಹೆಚ್ಚುತ್ತದೆ.

ಅಳತೆ 1:14 ಎಂದು ಹೇಳಲು ಕಾರಣವಿದೆ. ತಮಿಯಾ ಕಂಪನಿಯ ಲಾರಿಗಳು ಇದೇ ಅಳತೆಯವು, ಅವುಗಳ ಸುತ್ತ ಬೆಳೆದ ಬಿಡಿಭಾಗಗಳ ಮಾರುಕಟ್ಟೆ ದೊಡ್ಡದು. ಮುಂದೆ ಟಿಪ್ಪರ್ ತಂದರೆ ಜೊತೆಗೆ ಹೊಂದುತ್ತದೆ. ಸಣ್ಣ ಅಳತೆಯಲ್ಲಿ ಹೈಡ್ರಾಲಿಕ್ ಸಿಗುತ್ತದೆ, ಆದರೆ ಸಿಲಿಂಡರ್ ತೀರ ಸಣ್ಣದಾದ ಹಾಗೆ ಓ-ರಿಂಗಿನ ಘರ್ಷಣೆಯೇ ಬಲದ ದೊಡ್ಡ ಪಾಲು ತಿನ್ನುತ್ತದೆ. 1:8 ಅದ್ಭುತವೇ, ಎತ್ತಲು ಇಬ್ಬರು ಬೇಕು.

ತಯಾರಕ ಕಂಪನಿಗಳಲ್ಲಿ ಕೆಬೊಲೈಟ್, ಲೆಸು, ಜೆಡಿಎಂ ಚೀನಾದವು. ಪ್ರೆಮಕಾನ್, ಸ್ಕೇಲ್‌ಆರ್ಟ್ ಜರ್ಮನಿಯವು. ಚೀನಾದ ಎಕ್ಸ್‌ಕವೇಟರುಗಳ ಬೆಲೆ ಅಲ್ಲೇ ಸುಮಾರು 700 ಡಾಲರಿನಿಂದ ಶುರುವಾಗಿ 2000 ದಾಟುತ್ತದೆ. ಜರ್ಮನಿಯವಕ್ಕೆ ಹಲವು ಸಾವಿರ ಯೂರೋ. ಜರ್ಮನ್ ಕೆಲಸ ನೋಡಿದರೆ ಕೈಮುಗಿಯಬೇಕು ಅನಿಸುತ್ತದೆ, ಆದರೆ ಮೊದಲ ಯಂತ್ರಕ್ಕೆ ಅಷ್ಟು ಹಣ ಹಾಕುವುದು ಬೇಡ.

ಬಿಚ್ಚಲು ಬರುವಂತಿರಲಿ

ಇಲ್ಲಿ ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ. ಪಂಪು, ವಾಲ್ವು, ಸರ್ವೋ, ರಿಸೀವರ್ (ರಿಮೋಟಿನ ಸಿಗ್ನಲ್ ಹಿಡಿಯುವ ಭಾಗ) ಎಲ್ಲವನ್ನೂ ಒಂದೇ ಬೋರ್ಡಿಗೆ ಬೆಸುಗೆ ಹಾಕಿ ಮುಚ್ಚಿದ ಯಂತ್ರ ಎಷ್ಟು ಅಗ್ಗವಾದರೂ ಬೇಡ. ಒಂದು ಸರ್ವೋ ಸುಟ್ಟರೂ ಅದು ಪೆಟ್ಟಿಗೆಯೊಳಗೆ ಕೂರುತ್ತದೆ. ಪ್ರತಿ ಸರ್ವೋವೂ ಸಾಮಾನ್ಯ ಮೂರು ತಂತಿಯ ಪ್ಲಗ್ಗಿನಿಂದ ರಿಸೀವರಿಗೆ ಸೇರುವ, ಪಂಪಿನ ಮೋಟಾರು ಪ್ರತ್ಯೇಕವಾಗಿ ಬಿಚ್ಚಬರುವ, ಸಿಲಿಂಡರಿನ ತಲೆ ತಿರುಪಿ ತೆಗೆಯಬರುವ ಯಂತ್ರ ಆರಿಸಿ. ಮಾರುವವರನ್ನು ಮೂರು ವಿಷಯ ಕೇಳಿ: ಸಿಲಿಂಡರಿನ ಓ-ರಿಂಗ್ ಅಳತೆ ಏನು, ಪೈಪಿನ ಒಳ ಹೊರ ವ್ಯಾಸ ಎಷ್ಟು, ವಾಲ್ವ್ ಬ್ಲಾಕ್ ಬಿಡಿಯಾಗಿ ಸಿಗುತ್ತದೆಯೇ. ಉತ್ತರ ಬಾರದಿದ್ದರೆ ಅಲ್ಲಿಗೆ ಬಿಡಿ.

ಪೈಪಿನ ಬಗ್ಗೆ ಒಂದು ಎಚ್ಚರಿಕೆ. ಪೇಟೆಯ ನ್ಯೂಮ್ಯಾಟಿಕ್ ಅಂಗಡಿಗಳಲ್ಲಿ 4 ಮಿ.ಮೀ. ನೀಲಿ ಪಿಯು ಪೈಪ್ ಸಿಗುತ್ತದೆ, ನೋಡಲು ಹಾಗೇ ಇರುತ್ತದೆ. ಅದನ್ನು ಮಾಡಿರುವುದು ಗಾಳಿಯ ಸುಮಾರು 10 ಬಾರ್‌ಗೆ. 30 ಬಾರ್ ಎಣ್ಣೆಗೆ ಹಾಕಿದರೆ ಉಬ್ಬುತ್ತದೆ, ಬಿಸಿಯಾದ ದಿನ ಸಿಡಿಯುತ್ತದೆ. ಯಂತ್ರದ ಜೊತೆಯೇ ಒಂದೆರಡು ಮೀಟರ್ ಸರಿಯಾದ ಪೈಪು, ಒಂದು ಸೆಟ್ ಓ-ರಿಂಗು, ನಾಲ್ಕಾರು ಫಿಟ್ಟಿಂಗ್ ತರಿಸಿಕೊಳ್ಳಿ. ಮುಂದೆ ಮಧ್ಯಾಹ್ನವೊಂದರಲ್ಲಿ ಮುಗಿಯುವ ರಿಪೇರಿ ತಿಂಗಳಿಗೆ ಎಳೆಯದಂತೆ ಕಾಪಾಡುವುದು ಇವೇ.

ಇನ್ನು ಎಣ್ಣೆ. ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿಯಲ್ಲಿ ಹೈಡ್ರಾಲಿಕ್ ಆಯಿಲ್ ಎಂದರೆ ಕೈಗೆ ಬರುವುದು ಸಾಮಾನ್ಯವಾಗಿ 68ನೇ ಗ್ರೇಡು (ಅಂಕಿ ಹೆಚ್ಚಾದಷ್ಟೂ ಎಣ್ಣೆ ದಪ್ಪ). ನಮ್ಮ ಪುಟ್ಟ ಪಂಪಿಗೆ ಅದು ದಪ್ಪ. ಡಿಸೆಂಬರಿನ ಚಿಕ್ಕಮಗಳೂರಿನ ಬೆಳಗಿನಲ್ಲಂತೂ ಪಂಪು ಎಳೆಯಲಾರದೆ ನರಳುತ್ತದೆ. 32 ಕೇಳಿ, ತಯಾರಕರು 46 ಹೇಳಿದ್ದರೆ ಅದೇ ಹಾಕಿ. ಬ್ರೇಕ್ ಆಯಿಲ್ ಮಾತ್ರ ಯಾವ ಕಾರಣಕ್ಕೂ ಬೇಡ, ಅದು ನೈಟ್ರೈಲ್ ರಬ್ಬರಿನ ಓ-ರಿಂಗುಗಳನ್ನು ಊದಿಸಿ ಹಾಳು ಮಾಡುತ್ತದೆ. ತುಂಬುವಾಗ ಎಲ್ಲ ಸಿಲಿಂಡರುಗಳನ್ನೂ ಒಳಗೆ ಮಡಚಿ ಮಟ್ಟ ನೋಡಿ. ರಾಡು ಹೊರಗೆ ಚಾಚಿದ್ದಾಗ ಟ್ಯಾಂಕ್ ಕಂಠದವರೆಗೆ ತುಂಬಿಸಿದರೆ, ಮಡಚಿದಾಗ ವಾಪಸು ಬರುವ ಎಣ್ಣೆಗೆ ಜಾಗವಿಲ್ಲದೆ ಮುಚ್ಚಳದಿಂದ ಉಕ್ಕುತ್ತದೆ. ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿ ಹಾಗೇ ಉಳಿದರೆ ನೀರು ಸೇರಿದೆ ಎಂದರ್ಥ. ನಮ್ಮ ಮಳೆಗಾಲದ ತೇವದಲ್ಲಿ ಇದು ಅಪರೂಪವಲ್ಲ, ಪೂರ್ತಿ ಬದಲಿಸಿ.

ರಿಮೋಟು: ಚಾನೆಲ್‌ಗಿಂತ ಮಿಕ್ಸಿಂಗ್ ಮುಖ್ಯ

ಎಕ್ಸ್‌ಕವೇಟರಿಗೆ ಬೂಮ್, ಸ್ಟಿಕ್, ಬಕೆಟ್, ತಿರುಗುವಿಕೆ, ಎಡ ಟ್ರ್ಯಾಕ್, ಬಲ ಟ್ರ್ಯಾಕ್, ಪಂಪು ಸೇರಿ ಏಳು ಚಾನೆಲ್, ಅಂದರೆ ಕೆಲಸಕ್ಕೊಂದರಂತೆ ಏಳು ಪ್ರತ್ಯೇಕ ಸಿಗ್ನಲ್, ಬೇಕೇ ಬೇಕು. ಲೈಟು, ಸದ್ದು ಸೇರಿದರೆ ಒಂಬತ್ತು ಹತ್ತು. ಆರು ಚಾನೆಲ್ಲಿನ ರಿಮೋಟು ಸಾಲದು. ಫ್ಲೈಸ್ಕೈ ಎಫ್‌ಎಸ್-ಐ6ಎಕ್ಸ್ ಹತ್ತು ಚಾನೆಲ್ ಕೊಡುತ್ತದೆ, ರೇಡಿಯೋಮಾಸ್ಟರ್ ಟಿಎಕ್ಸ್16ಎಸ್ ಹದಿನಾರು.

ಎಣಿಕೆಗಿಂತ ಸೂಕ್ಷ್ಮವಾದ ವಿಷಯ ಪಂಪಿನದು. ರಿಮೋಟಿನ ಸ್ಟಿಕ್ (ಕೈಯಲ್ಲಿ ಆಡಿಸುವ ಕಡ್ಡಿ) ಮುಟ್ಟದಿದ್ದಾಗ ಪಂಪು ನಿಂತಿರಬೇಕು ಇಲ್ಲವೇ ನಿಧಾನ ತಿರುಗಬೇಕು, ಮುಟ್ಟಿದಾಗ ವೇಗ ಏರಬೇಕು. ಆಗ ಬ್ಯಾಟರಿ ಉಳಿಯುತ್ತದೆ, ಎಣ್ಣೆ ತಣ್ಣಗಿರುತ್ತದೆ, ಕೇಳಲೂ ಡೀಸೆಲ್ ಎಂಜಿನ್ ಭಾರ ಹೊತ್ತ ಹಾಗಿರುತ್ತದೆ. ಒಂದು ಸ್ಟಿಕ್ಕಿನ ಚಲನೆಗೆ ಇನ್ನೊಂದು ಚಾನೆಲ್ಲನ್ನೂ ಜೋಡಿಸುವುದೇ ಮಿಕ್ಸಿಂಗ್. ಸಾಧಾರಣ ಮಿಕ್ಸಿಂಗ್‌ನಲ್ಲಿ ಸ್ಟಿಕ್ ಮುಂದೆ ತಳ್ಳಿದರೆ ಪಂಪಿನ ವೇಗ ಏರುತ್ತದೆ, ಹಿಂದೆ ಎಳೆದರೆ ಇಳಿಯುತ್ತದೆ. ನಮಗೆ ಎರಡೂ ಕಡೆಗೆ ಏರಬೇಕು. ಅದಕ್ಕೆ ‘ವಿ’ ಆಕಾರದ ಕರ್ವ್ ಹಾಕಲು ಬರುವ ರಿಮೋಟು ಬೇಕು, ಅಥವಾ ಯಂತ್ರದಲ್ಲೇ ಅದನ್ನು ನೋಡಿಕೊಳ್ಳುವ ಪಂಪ್ ಕಂಟ್ರೋಲರ್ ಇರಬೇಕು. ಕೊಳ್ಳುವ ಮೊದಲು ಇದೊಂದನ್ನು ಖಚಿತ ಮಾಡಿಕೊಳ್ಳಿ.

ವಿಮಾನಕ್ಕೆಂದು ಮಾಡಿದ ರಿಮೋಟಿನಲ್ಲಿ ಥ್ರಾಟಲ್ ಸ್ಟಿಕ್ ಬಿಟ್ಟಲ್ಲೇ ನಿಲ್ಲುತ್ತದೆ. ಅದಕ್ಕೆ ಸ್ಪ್ರಿಂಗ್ ಹಾಕಿಸಿ ನಡುವಿಗೆ ಮರಳುವಂತೆ ಮಾಡಬೇಕು, ಇಲ್ಲದಿದ್ದರೆ ಕೈ ಬಿಟ್ಟರೂ ಸ್ಟಿಕ್ ತೋಳು ಹೋಗುತ್ತಲೇ ಇರುತ್ತದೆ. ಜೋಡಣೆಗೆ ದೊಡ್ಡ ಯಂತ್ರಗಳಲ್ಲೂ ಬಳಸುವ ಐಎಸ್‌ಒ ಕ್ರಮ ಹಿಡಿಯಿರಿ: ಎಡಗೈ ಎಡ-ಬಲಕ್ಕೆ ತಿರುಗುವಿಕೆ, ಮುಂದೆ-ಹಿಂದೆ ಸ್ಟಿಕ್ ತೋಳು. ಬಲಗೈ ಮುಂದೆ-ಹಿಂದೆ ಬೂಮ್, ಎಡ-ಬಲಕ್ಕೆ ಬಕೆಟ್. ಇದರಲ್ಲಿ ಪಳಗಿದರೆ ಊರಿಗೆ ಕೆಲಸಕ್ಕೆ ಬಂದ ಹಿಟಾಚಿ ಆಪರೇಟರ್ ಕೈಗೂ ರಿಮೋಟು ಕೊಡಬಹುದು. ಕೊಟ್ಟು ನೋಡಿ. ಎರಡು ನಿಮಿಷದಲ್ಲಿ ಬಕೆಟ್ಟಿನ ಹಿಂಬದಿಯಿಂದ ನೆಲ ಸವರಿ ಸಮ ಮಾಡುತ್ತಾರೆ, ಯಾವ ವಾಲ್ವು ಹಟ ಮಾಡುತ್ತಿದೆ ಎಂದೂ ಹೇಳುತ್ತಾರೆ. ಅವರ ಕೈಯ ಅನುಭವಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಗೊತ್ತಿಲ್ಲ.

ಬ್ಯಾಟರಿ ಹೆಚ್ಚಿನವಕ್ಕೆ 11.1 ವೋಲ್ಟಿನ 3ಎಸ್ ಲಿಪೋ (ಮೂರು ಸೆಲ್ಲಿನ ಲಿಥಿಯಂ ಪಾಲಿಮರ್). 5000 ಎಂಎಎಚ್ ಇದ್ದರೆ ಸಾಮಾನ್ಯವಾಗಿ ಮುಕ್ಕಾಲು ಗಂಟೆಯ ಕೆಲಸ. ಎಲ್ಲ ಸೆಲ್ಲುಗಳನ್ನೂ ಸಮವಾಗಿ ತುಂಬಿಸುವ ಬ್ಯಾಲೆನ್ಸ್ ಚಾರ್ಜರ್ ಕಡ್ಡಾಯ. ಮಳೆಗಾಲದಲ್ಲಿ ವಾರಗಟ್ಟಲೆ ಮುಟ್ಟದಿದ್ದರೆ ಪ್ರತಿ ಸೆಲ್ 3.8 ವೋಲ್ಟಿನಲ್ಲಿ ಇಟ್ಟುಬಿಡಿ.

ತರಿಸುವುದು, ತಂದ ಮೇಲೆ

ಆಟಿಕೆಗಳ ಮೂಲ ಆಮದು ಸುಂಕವನ್ನು ಕೇಂದ್ರ 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿಸಿತು. ದರಗಳು ಬಜೆಟ್ಟಿನಿಂದ ಬಜೆಟ್ಟಿಗೆ ಬದಲಾಗುವುದರಿಂದ ಆರ್ಡರ್ ಮಾಡುವ ದಿನ ಕಸ್ಟಮ್ಸ್ ಏಜೆಂಟರನ್ನು ಕೇಳುವುದೇ ಸರಿ. 14 ವರ್ಷದೊಳಗಿನವರ ಆಟಿಕೆಗಳಿಗೆ 2021ರ ಜನವರಿಯಿಂದ ಐಎಸ್‌ಐ ಗುರುತು ಕಡ್ಡಾಯ. 2.4 ಗಿಗಾಹರ್ಟ್ಸ್ ರಿಮೋಟಿಗೆ ಬಳಕೆಯ ಲೈಸೆನ್ಸ್ ಬೇಡವಾದರೂ ಆಮದಿಗೆ ಇಟಿಎ (ವೈರ್‌ಲೆಸ್ ಉಪಕರಣಗಳಿಗೆ ಕೇಂದ್ರ ಕೊಡುವ) ಅನುಮೋದನೆ ಕೇಳುತ್ತಾರೆ. ಈ ಎಲ್ಲ ಕಾರಣಗಳಿಂದ ಯಂತ್ರದ ಬೆಲೆಯಷ್ಟೇ ಹಣ ಮೇಲೆ ಬೀಳಬಹುದು ಎಂದು ಮೊದಲೇ ಲೆಕ್ಕ ಹಾಕಿ. ರಿಮೋಟು, ಬ್ಯಾಟರಿ, ಚಾರ್ಜರ್, ಎಣ್ಣೆ ನಾಲ್ಕನ್ನೂ ಇಲ್ಲೇ ಕೊಳ್ಳಿ, ಯಂತ್ರವನ್ನು ಮಾತ್ರ ಹೊರಗಿನಿಂದ ತರಿಸಿ. ಲಿಪೋ ಮತ್ತು ಎಣ್ಣೆ ಇಲ್ಲದ ಪೆಟ್ಟಿಗೆಗೆ ಕೊರಿಯರಿನ ತಕರಾರೂ ಕಡಿಮೆ.

ಬೆಂಗಳೂರಿನ ಹವ್ಯಾಸಿಗಳಿಂದ ಸೆಕೆಂಡ್ ಹ್ಯಾಂಡ್ ಸಿಕ್ಕರೆ ಅದೂ ಒಳ್ಳೆಯ ದಾರಿ. ನೋಡಲು ಹೋದಾಗ ಬಕೆಟ್ಟಿಗೆ ಮಣ್ಣು ತುಂಬಿಸಿ, ತೋಳು ಪೂರ್ತಿ ಚಾಚಿ ಎತ್ತಿ, ರಿಮೋಟಿನ ಸ್ಟಿಕ್ ಬಿಟ್ಟು ಒಂದು ನಿಮಿಷ ಕಾಯಿರಿ. ಬಕೆಟ್ ಒಂದೆರಡು ಬೆರಳಿನಷ್ಟು ಇಳಿದರೆ ಸಹಜ. ಕಣ್ಣೆದುರೇ ನೆಲ ಮುಟ್ಟಿದರೆ ಸ್ಪೂಲೋ ಪಿಸ್ಟನ್ ಸೀಲೋ ಸವೆದಿದೆ. ರಾಡಿನ ಮೇಲೆ ಉಗುರು ಎಳೆದು ನೋಡಿ, ಗೀರು ತಾಗಿದರೆ ಅಲ್ಲಿಂದ ಎಣ್ಣೆ ಒಸರುತ್ತದೆ. ಬಕೆಟ್ ಹಿಡಿದು ಪಕ್ಕಕ್ಕೆ ಅಲುಗಿಸಿ. ಪಿನ್ನು, ಬುಶ್ ಎಷ್ಟು ಸವೆದಿವೆ ಎಂದು ಕೈಗೇ ತಿಳಿಯುತ್ತದೆ. ಮೇಲ್ಭಾಗವನ್ನು ಒಂದೇ ದಿಕ್ಕಿಗೆ ಹತ್ತು ಸುತ್ತು ತಿರುಗಿಸಿ. ಸ್ಲಿಪ್ ರಿಂಗ್ (ಎಷ್ಟು ಸುತ್ತಿದರೂ ವಿದ್ಯುತ್ ಸಂಪರ್ಕ ಉಳಿಸುವ ಉಂಗುರ) ಇಲ್ಲದ ಯಂತ್ರದಲ್ಲಿ ತಂತಿಗಳು ತಿರುಚಿಕೊಳ್ಳುತ್ತವೆ. ಮಾಲೀಕರು ಹತ್ತು ಸುತ್ತು ಬೇಡ ಎಂದರೆ ನಿಮಗೆ ಉತ್ತರ ಸಿಕ್ಕಿತು.

ಹೊಸದಾಗಿ ಮನೆಗೆ ಬಂದ ಯಂತ್ರವನ್ನು ಮೊದಲ ದಿನವೇ ಮಣ್ಣಿಗೆ ಇಳಿಸಬೇಡಿ. ಎಣ್ಣೆ ತುಂಬಿ, ರಿಲೀಫ್ ವಾಲ್ವ್ ಸಡಿಲವಾಗಿ 15 ಬಾರ್ ಆಸುಪಾಸಿನಲ್ಲಿ ಇಟ್ಟು, ಪ್ರತಿ ಸಿಲಿಂಡರನ್ನೂ ತುದಿಯಿಂದ ತುದಿಗೆ ಹತ್ತಾರು ಸಲ ನಿಧಾನ ಓಡಿಸಿ. ಗಾಳಿ ಗುಳ್ಳೆಗಳು ಟ್ಯಾಂಕಿಗೆ ಬಂದು ಒಡೆಯುತ್ತವೆ, ಚಲನೆ ನುಣುಪಾಗುತ್ತದೆ. ಮಟ್ಟ ಇಳಿದಿದ್ದರೆ ಮತ್ತೆ ತುಂಬಿಸಿ. ಆಮೇಲೆ ಗೇಜ್ ನೋಡುತ್ತ 25ಕ್ಕೆ ಏರಿಸಿ. ಎಲ್ಲಿ ಸೋರುತ್ತಿದೆ ಎಂದು ಬೆರಳಿಂದ ಸವರಿ ಹುಡುಕಬೇಡಿ, ಟಿಶ್ಯೂ ಕಾಗದ ಹಿಡಿಯಿರಿ. ಕಣ್ಣಿಗೆ ಕನ್ನಡಕ ಇರಲಿ. 25 ಬಾರ್‌ನಲ್ಲಿ ಬಿಟ್ಟುಹೋದ ಫಿಟ್ಟಿಂಗ್ ಎಣ್ಣೆಯನ್ನು ಮುಖಕ್ಕೇ ಎರಚುತ್ತದೆ.

ಕೊನೆಯದಾಗಿ ಫೇಲ್‌ಸೇಫ್. ರಿಮೋಟಿನ ಸಿಗ್ನಲ್ ತಪ್ಪಿದರೆ ಪಂಪು ಮತ್ತು ಟ್ರ್ಯಾಕ್ ಮೋಟಾರು ನಿಲ್ಲುವಂತೆ ರಿಸೀವರಿನಲ್ಲಿ ಹೊಂದಿಸಬೇಕು. ಹೊಂದಿಸಿದ ಮೇಲೆ ಯಂತ್ರವನ್ನು ಮಣೆಯ ಮೇಲೆ ಟ್ರ್ಯಾಕ್ ನೆಲಕ್ಕೆ ತಾಗದಂತೆ ಇಟ್ಟು, ಟ್ರ್ಯಾಕ್ ಓಡುತ್ತಿರುವಾಗಲೇ ರಿಮೋಟು ಆಫ್ ಮಾಡಿ ನೋಡಿ. ನಿಂತರೆ ಸರಿ. ನಿಲ್ಲದಿದ್ದರೆ ಅದು ಸರಿಹೋಗುವವರೆಗೆ, ಮಕ್ಕಳು ಎಷ್ಟು ಕಾಡಿದರೂ, ಮಣ್ಣಿನ ತೊಟ್ಟಿಗೆ ಇಳಿಸಬೇಡಿ.